ರೋಗಿಯ ಹೆಸರು, ರೋಗಿಯ ಅನ್ನ

ಹೋಟೆಲಿನ ಗಲ್ಲೆಯ ಮೇಲೆ ನಾಲ್ಕು ವರ್ಷ ಕುಳಿತವನಿಗೆ ಒಂದು ಪಾಠ ತಾನಾಗಿಯೇ ತಿಳಿದುಬರುತ್ತದೆ. ಉದ್ರಿ ಕೊಟ್ಟುದರಿಂದ ಹೋಟೆಲು ಮುಳುಗುವುದಿಲ್ಲ. ಕೊಟ್ಟ ಉದ್ರಿಯನ್ನು ಬರೆದಿಡದೆ ಹೋದುದರಿಂದ ಮುಳುಗುತ್ತದೆ. ಯಾರಿಗೆ ಕೊಟ್ಟೆವು, ಎಂದು ಕೊಟ್ಟೆವು, ಎಷ್ಟು ಕೊಟ್ಟೆವು, ತೀರಿತೋ ಇಲ್ಲವೋ ಎಂಬ ನಾಲ್ಕು ಮಾತುಗಳು ವಹಿಯಲ್ಲಿದ್ದರೆ ಎಷ್ಟು ದೊಡ್ಡ ಬಾಕಿಯಾದರೂ ಕೈಯೊಳಗಿನದು. ವಹಿಯಲ್ಲಿಲ್ಲದ ಸಣ್ಣ ಬಾಕಿಗಳೇ ಒಂದಕ್ಕೊಂದು ಕೂಡಿ ಒಂದು ದಿನ ಬಾಗಿಲು ಹಾಕಿಸುತ್ತವೆ. ಮಹಾನಗರದಲ್ಲಿ ಸಾಂಕ್ರಾಮಿಕ ರೋಗದ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. ಯಾರಿಗೆ ಬಂದಿದೆ, ಎಂದಿನಿಂದ ಬಂದಿದೆ, ಅವನೊಡನೆ ಯಾರು ಮಲಗಿದರು, ಔಷಧ ಪೂರ್ತಿಯಾಯಿತೋ ಇಲ್ಲವೋ ಎಂಬುದು ಬರೆಯಲ್ಪಟ್ಟರೆ ರೋಗ ಹಿಡಿತಕ್ಕೆ ಸಿಗುತ್ತದೆ. ಬರೆಯಲ್ಪಡದಿದ್ದರೆ ಒಂದು ಖೋಲಿಯಿಂದ ಇನ್ನೊಂದಕ್ಕೆ ಸದ್ದಿಲ್ಲದೆ ನಡೆದುಹೋಗುತ್ತದೆ.

ಈ ಮಾತನ್ನು ಇಂದು ಎತ್ತಿದುದಕ್ಕೆ ಕಾರಣವುಂಟು. ಕಳೆದ ವಾರ ರಾತ್ರಿ ಒಂಬತ್ತರ ಸುಮಾರಿಗೆ ನಮ್ಮ ಕಚೇರಿಗೆ ಒಬ್ಬ ತರುಣನು ಬಂದನು. ಹೋಟೆಲಿನಲ್ಲಿ ಮಾಣಿ. ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದು, ಉಳಿದವರೆಲ್ಲ ಹೊರಟ ಮೇಲೆ ಹತ್ತಿರ ಬಂದು ಕೇಳಿದನು: “ನನಗೆ ಕ್ಷಯವಿದೆಯೆಂದು ಡಾಕ್ಟರರು ಹೇಳಿದ್ದಾರೆ. ಸರಕಾರದ ಪಟ್ಟಿಯಲ್ಲಿ ಹೆಸರು ಬರೆಸಬೇಕಂತೆ. ಬರೆಸಿದರೆ ಧನಿಗಳಿಗೆ ತಿಳಿಯುತ್ತದೆಯೇ? ಬರೆಸದೆ ಊರಿಗೆ ಹೋಗಿಬಿಡಲೇ?” ಆಗ ನಾನು ನಾಲ್ಕು ಸಮಾಧಾನದ ಮಾತು ಹೇಳಿ ಕಳುಹಿಸಿದೆನು. ಆದರೆ ಇದು ಅವನೊಬ್ಬನ ಪ್ರಶ್ನೆಯಲ್ಲ. ಹೋಟೆಲಿನ ಅಟ್ಟದ ಮೇಲೆ ಮಲಗುವ ಸಾವಿರಾರು ಮಂದಿಯದೂ, ಒಂದು ಖೋಲಿಯನ್ನು ಆರು ಜನ ಹಂಚಿಕೊಂಡು ಬಾಳುವ ಗುಮಾಸ್ತರದೂ ಇದೇ ಪ್ರಶ್ನೆಯಾಗಿರುವುದರಿಂದ ಇಲ್ಲಿ ಬಹಿರಂಗವಾಗಿ ಉತ್ತರಿಸುವುದು ನನ್ನ ಕರ್ತವ್ಯವೆಂದು ಬಗೆದಿದ್ದೇನೆ.

ಮೊದಲು ರೋಗದ ಮಾತು. ಕ್ಷಯದ ಕಾರಣವಾದ ಸೂಕ್ಷ್ಮಜೀವಿಯನ್ನು ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯರು ಲೋಕಕ್ಕೆ ತೋರಿಸಿಕೊಟ್ಟುದು 1882ನೆಯ ಇಸವಿಯ ಮಾರ್ಚ್ 24ರಂದು. ಅದು ವಂಶದ ಶಾಪವಲ್ಲ, ಪೂರ್ವಜನ್ಮದ ಫಲವಲ್ಲ, ದುರ್ನಡತೆಯ ಶಿಕ್ಷೆಯೂ ಅಲ್ಲ. ಶ್ವಾಸಕೋಶದ ಕ್ಷಯವಿದ್ದವನು ಕೆಮ್ಮಿದಾಗ ಗಾಳಿಯಲ್ಲಿ ತೇಲುವ ಕಣಗಳನ್ನು ಇನ್ನೊಬ್ಬನು ಉಸಿರಾಡಿದಾಗ ಅದು ಹರಡುತ್ತದೆ. ತಟ್ಟೆ ಲೋಟಗಳಿಂದ ಹರಡುವುದಿಲ್ಲ. ಬಡಿಸಿದ ಅನ್ನದಿಂದ ಹರಡುವುದಿಲ್ಲ. ಕೈ ಮುಟ್ಟಿದುದರಿಂದಲೂ ಹರಡುವುದಿಲ್ಲ. ಕಿಟಕಿಯಿಲ್ಲದ ಕೋಣೆ, ಒತ್ತಿ ಹಾಸಿದ ಚಾಪೆಗಳು, ದಿನವೂ ಅದೇ ಗಾಳಿ, ಇವೇ ಅದಕ್ಕೆ ಅನುಕೂಲ. ಸೂಕ್ಷ್ಮಜೀವಿ ಒಳಹೊಕ್ಕವರೆಲ್ಲರೂ ರೋಗಿಗಳಾಗುವುದಿಲ್ಲ. ನೂರರಲ್ಲಿ ಐದರಿಂದ ಹತ್ತು ಮಂದಿ ತಮ್ಮ ಆಯುಷ್ಯದಲ್ಲಿ ಎಂದಾದರೊಮ್ಮೆ ರೋಗಕ್ಕೆ ತುತ್ತಾಗುತ್ತಾರೆ. ಹೊಟ್ಟೆಗೆ ಸಾಲದಿದ್ದವನು, ನಿದ್ದೆಗೆಟ್ಟವನು, ಸಕ್ಕರೆ ಕಾಯಿಲೆಯವನು, ಬೀಡಿಗೂ ಕುಡಿತಕ್ಕೂ ಬಿದ್ದವನು ಮೊದಲು ಬೀಳುತ್ತಾನೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರೇ ಆಗಿದ್ದಾರೆ. 2025ರೊಳಗೆ ಇದನ್ನು ನಿರ್ಮೂಲ ಮಾಡುವೆವೆಂದು ನಮ್ಮ ಸರಕಾರ ಗುರಿಯಿಟ್ಟುಕೊಂಡಿತ್ತು. ಆ ಗುರಿ ಕೈಗೂಡಲಿಲ್ಲ.

ಇನ್ನು ಪಟ್ಟಿಯ ಮಾತು. 2012ನೆಯ ಇಸವಿಯ ಮೇ ತಿಂಗಳಿನಿಂದ ಕ್ಷಯವು ಸರಕಾರಕ್ಕೆ ತಿಳಿಸಲೇಬೇಕಾದ ರೋಗವಾಗಿದೆ. ಸರಕಾರಿ ಆಸ್ಪತ್ರೆ ಮಾತ್ರವಲ್ಲ, ಮೂಲೆಯ ಖಾಸಗಿ ಡಾಕ್ಟರರೂ ತಿಳಿಸಬೇಕು. 2018ರಿಂದ ಆ ಔಷಧ ಮಾರುವ ಅಂಗಡಿಯವರಿಗೂ ಈ ಹೊಣೆ ಬಂದಿದೆ. ಹೆಸರು ‘ನಿಕ್ಷಯ’ ಎಂಬ ಲೆಕ್ಕದ ವ್ಯವಸ್ಥೆಯಲ್ಲಿ ಸೇರಿ ರೋಗಿಗೆ ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯ ಕೆಳಗೆ ಅವನ ಕಫಪರೀಕ್ಷೆ, ಔಷಧ, ಮುಂದಿನ ತಪಾಸಣೆ ಎಲ್ಲವೂ ದಾಖಲಾಗುತ್ತವೆ. ತರುವಾಯ ಆರೋಗ್ಯ ಇಲಾಖೆಯ ಕಾರ್ಯಕರ್ತರು ಅವನ ಜೊತೆಯಲ್ಲಿ ಬಾಳುವವರನ್ನು ಹುಡುಕಿ ಪರೀಕ್ಷಿಸತಕ್ಕದ್ದು. ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ವಿಷಯವಿದೆ. ಚಿಕಿತ್ಸೆ ತೊಡಗುವ ಮೊದಲಿನ ಮೂರು ತಿಂಗಳಲ್ಲಿ ರೋಗಿಯೊಡನೆ ಒಂದೇ ಸೂರಿನ ಕೆಳಗೆ ಒಂದು ರಾತ್ರಿಯಾದರೂ ಮಲಗಿದವನು, ಅಥವಾ ಹಗಲಿನಲ್ಲಿ ಬಹಳ ಹೊತ್ತು ಒಟ್ಟಿಗೆ ಕಳೆದವನು, ವೈದ್ಯರ ಲೆಕ್ಕದಲ್ಲಿ ‘ಮನೆಯವನು’. ಎಂದರೆ ರಕ್ತಸಂಬಂಧವೇ ಬೇಕೆಂದಿಲ್ಲ. ನಮ್ಮ ಹೋಟೆಲಿನ ಅಟ್ಟವೂ ಒಂದು ಮನೆ. ಅಲ್ಲಿ ಚಾಪೆ ಹಾಸಿದ ಹನ್ನೊಂದು ಮಂದಿಯೂ ಒಂದು ಕುಟುಂಬ. ಹೀಗೆ ಕಂಡುಬಂದವರಲ್ಲಿ ರೋಗವಿಲ್ಲದವರಿಗೂ ಅದು ಮುಂದೆ ಏಳದಂತೆ ತಡೆಯುವ ಔಷಧವುಂಟು. ಮೊದಲು ಚಿಕ್ಕ ಮಕ್ಕಳಿಗೆ ಮಾತ್ರ ಕೊಡುತ್ತಿದ್ದ ಅದನ್ನು 2021ರಿಂದ ಮನೆಯ ದೊಡ್ಡವರಿಗೂ ಕೊಡುವಂತೆ ನಿಯಮವಾಗಿದೆ. ಮೊದಲನೆಯ ಹೆಸರು ಪಟ್ಟಿಗೆ ಬಾರದಿದ್ದರೆ ಉಳಿದ ಹತ್ತು ಮಂದಿಗೆ ಈ ಯಾವುದೂ ಇಲ್ಲ.

ಉಪದೇಶ ಮಾಡುವವನು ತನ್ನ ಕೈ ತೋರಿಸಬೇಕು. ನನ್ನ ಕೈ ಶುದ್ಧವಲ್ಲ. ಅದನ್ನು ಇಲ್ಲಿ ಹೇಳಿಬಿಡುತ್ತೇನೆ. 2013ರಲ್ಲಿ ನಾನು ಹೋಟೆಲು ನಡೆಸುತ್ತಿದ್ದೆನು. ಕುಂದಾಪುರದ ಕಡೆಯ ಹುಡುಗನೊಬ್ಬನು, ಇಪ್ಪತ್ತು ತುಂಬಿರಲಿಲ್ಲ, ಒಂದು ತಿಂಗಳಿನಿಂದ ಕೆಮ್ಮುತ್ತಿದ್ದನು. ಅಂಗಡಿಯಿಂದ ಕೆಮ್ಮಿನ ಔಷಧದ ಸೀಸೆ ತರಿಸಿಕೊಟ್ಟೆನು. ಗಿರಾಕಿಗಳ ಮುಂದೆ ಕೆಮ್ಮಬಾರದೆಂದು ಅವನನ್ನು ಒಳಗೆ ಪಾತ್ರೆ ತೊಳೆಯುವಲ್ಲಿಗೆ ಹಾಕಿದೆನು. ಕೊನೆಗೆ ಡಾಕ್ಟರರು ಕ್ಷಯವೆಂದರು. ಔಷಧ ಪ್ರಾರಂಭವಾಗಿ ಐದಾರು ವಾರವಾಗಿರಬಹುದು, ನಾನು ಅವನ ಕೈಯಲ್ಲಿ ಎರಡು ತಿಂಗಳ ಸಂಬಳವನ್ನೂ ಬಸ್ಸಿನ ಚೀಟಿಯನ್ನೂ ಇಟ್ಟು, “ಊರಿನ ಗಾಳಿ ಕುಡಿದರೆ ಗುಣವಾಗುತ್ತದೆ, ಹೋಗಿ ಬಾ” ಎಂದು ಕಳುಹಿಸಿದೆನು. ಅದನ್ನು ಔದಾರ್ಯವೆಂದೇ ನಾನು ತಿಳಿದಿದ್ದೆ. ನೆರೆಯ ಧನಿಗಳೂ ಹಾಗೆಂದು ಹೊಗಳಿದರು. ಅಟ್ಟದ ಮೇಲೆ ಮಲಗುತ್ತಿದ್ದ ಉಳಿದವರಿಗೆ ಕಾರಣ ಹೇಳಲಿಲ್ಲ. ಕೆಲವು ದಿನಗಳ ಮೇಲೆ ಆರೋಗ್ಯ ಕಾರ್ಯಕರ್ತೆಯೊಬ್ಬರು ಅವನ ಹೆಸರು ಹಿಡಿದುಕೊಂಡು ಗಲ್ಲೆಯ ಬಳಿಗೆ ಬಂದರು. ಅದು ಗಿರಾಕಿಗಳು ತುಂಬಿದ ಹೊತ್ತು. “ಅಂಥವರು ಯಾರೂ ನಮ್ಮಲ್ಲಿಲ್ಲ” ಎಂದೆನು. ಆ ತಾಯಿ ಚೀಟಿಯ ಮೇಲೆ ಏನನ್ನೋ ಬರೆದುಕೊಂಡು ಹೊರಟುಹೋದರು.

ನಾಲ್ಕು ತಿಂಗಳ ಮೇಲೆ ನಮ್ಮ ದೋಸೆಯ ಭಟ್ಟರು ಮಲಗಿದರು. ಅವರ ಹಿಂದೆಯೇ ರಾತ್ರಿಶಾಲೆಗೆ ಹೋಗುತ್ತಿದ್ದ ಇನ್ನೊಬ್ಬ ಹುಡುಗ, ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಗೆ ಹಣ ಕಟ್ಟಿದ್ದವನು. ಅವರಿಬ್ಬರಿಗೂ ಮೊದಲಿನವನಿಂದಲೇ ಬಂತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಅಂದು ನಾನು ಸುಳ್ಳು ಹೇಳದಿದ್ದರೆ ಅವರಿಬ್ಬರ ಪರೀಕ್ಷೆಯೂ ನಾಲ್ಕು ತಿಂಗಳು ಮೊದಲೇ ಆಗುತ್ತಿತ್ತು ಎಂಬುದನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಅವರಿಬ್ಬರೂ ಗುಣಹೊಂದಿದರು. ಊರಿಗೆ ಹೋದ ಹುಡುಗನ ಕಥೆ ಬೇರೆಯಾಯಿತು. ಮೈ ತುಸು ಹಗುರವಾದೊಡನೆ ಅವನು ಗುಳಿಗೆ ನಿಲ್ಲಿಸಿದನು; ಊರಿನ ಆಸ್ಪತ್ರೆಯಲ್ಲಿ ಅವನ ವಿಷಯ ಯಾರಿಗೂ ತಿಳಿದಿರಲಿಲ್ಲ; ಮುಂಬಯಿಯ ಲೆಕ್ಕದಲ್ಲಿ ಅವನು ‘ಸಿಗಲಿಲ್ಲ’. ಅರ್ಧಕ್ಕೆ ಬಿಟ್ಟ ಔಷಧಕ್ಕೆ ರೋಗವು ಬಗ್ಗದಂತೆ ಬಲಿಯಿತು. ಆ ಕಾಲದಲ್ಲಿ ಅಂಥ ರೋಗಕ್ಕೆ ಎರಡು ವರ್ಷದವರೆಗೆ ಸೂಜಿ, ಗುಳಿಗೆಗಳ ಕಠಿಣ ಚಿಕಿತ್ಸೆಯಿತ್ತು. ಅವನು ಅದನ್ನು ಪೂರೈಸಲಿಲ್ಲ, ಉಳಿಯಲೂ ಇಲ್ಲ. ಅವನ ತಾಯಿಯು ನನ್ನನ್ನು ಕಂಡಾಗ, “ನೀವು ಬಹಳ ಉಪಕಾರ ಮಾಡಿದಿರಿ” ಎಂದು ಕೈಮುಗಿದಳು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ನಾನು ಸುಳ್ಳು ಹೇಳಿದುದು ದುಷ್ಟತನದಿಂದಲ್ಲ, ಭಯದಿಂದ. ಭಯಕ್ಕೂ ಪಟ್ಟಿಗೂ ಇರುವ ವೈರ ಈ ನಗರದಲ್ಲಿ ಹಳೆಯದು. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾಕ್ಟರ್ ಅಕಾಸಿಯೋ ವಿಯೇಗಸ್ ಎಂಬವರು ಪ್ಲೇಗನ್ನು ಗುರುತಿಸಿದರು. ಸರಕಾರ ಶೋಧ ನಡೆಸಿತು. ಮನೆಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯಿತು. ವಾಸಕ್ಕೆ ಅಯೋಗ್ಯವೆಂದು ಗೋಡೆಗಳ ಮೇಲೆ ಇಂಗ್ಲಿಷಿನ ಮೂರಕ್ಷರ ಬರೆಯಿತು. 1897ರ ಫೆಬ್ರವರಿಯಲ್ಲಿ ಅದಕ್ಕೆಂದೇ ಸಾಂಕ್ರಾಮಿಕ ರೋಗಗಳ ಕಾಯಿದೆಯೂ ಬಂತು. ಫಲವೇನಾಯಿತು? ಜನರು ರೋಗಿಗಳನ್ನು ಅಡಗಿಸಿದರು. 1896ರ ಅಕ್ಟೋಬರಿನಲ್ಲಿ ಗಿರಣಿಯ ಕೆಲಸಗಾರರು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆಯೇ ಏರಿಹೋದರು. ಲಕ್ಷಗಟ್ಟಲೆ ಜನ ಊರಿನ ದಾರಿ ಹಿಡಿದರು. ಪುಣೆಯಲ್ಲಿ ಶೋಧದ ದಬ್ಬಾಳಿಕೆಗೆ ರೋಸಿದ ಚಾಪೇಕರ್ ಸಹೋದರರು 1897ರ ಜೂನ್ 22ರಂದು ಪ್ಲೇಗಿನ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿಸಿದರು. ಹೆಸರು ಬರೆದವರ ಕೈಯಲ್ಲಿ ಲೇಖನಿಗಿಂತ ಲಾಠಿ ದೊಡ್ಡದಾಗಿದ್ದುದರಿಂದ ಲೆಕ್ಕವೂ ಸಿಗಲಿಲ್ಲ, ರೋಗವೂ ನಿಲ್ಲಲಿಲ್ಲ.

ಇದಕ್ಕಿಂತಲೂ ನಮ್ಮ ಉದ್ಯೋಗಕ್ಕೆ ಹತ್ತಿರವಾದ ಕಥೆಯೊಂದು ಅಮೆರಿಕದ ನ್ಯೂಯಾರ್ಕಿನದು. ಮೇರಿ ಮ್ಯಾಲನ್ ಎಂಬ ಐರ್ಲೆಂಡಿನ ಹೆಂಗಸು, ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಪರದೇಶಕ್ಕೆ ಬಂದವಳು, ಶ್ರೀಮಂತರ ಮನೆಗಳಲ್ಲಿ ಅಡುಗೆಯವಳಾಗಿದ್ದಳು. 1906ರ ಬೇಸಿಗೆಯಲ್ಲಿ ಅವಳು ಅಡುಗೆ ಮಾಡುತ್ತಿದ್ದ ಮನೆಯಲ್ಲಿ ಹನ್ನೊಂದು ಮಂದಿಯಲ್ಲಿ ಆರು ಮಂದಿಗೆ ವಿಷಮಶೀತಜ್ವರ ಬಂತು. ಜಾರ್ಜ್ ಸೋಪರ್ ಎಂಬ ತಜ್ಞನು ಅವಳು ಹಿಂದೆ ದುಡಿದ ಮನೆಗಳ ಪಟ್ಟಿ ಹಿಡಿದು ಹೊರಟು, ಎಂಟರಲ್ಲಿ ಏಳು ಮನೆಗಳಲ್ಲಿ ಅದೇ ಜ್ವರ ಬಂದಿತ್ತೆಂದು ಕಂಡುಹಿಡಿದನು. ಅವಳಿಗೆ ಜ್ವರವಿರಲಿಲ್ಲ, ಮೈ ಗಟ್ಟಿಯಾಗಿತ್ತು, ಆದರೆ ರೋಗಾಣು ಅವಳೊಳಗೆ ಮನೆಮಾಡಿಕೊಂಡಿತ್ತು. 1907ರಲ್ಲಿ ಅವಳನ್ನು ಹಿಡಿದು ಒಂದು ದ್ವೀಪದಲ್ಲಿರಿಸಿದರು. 1910ರಲ್ಲಿ, ಇನ್ನು ಅಡುಗೆ ಮಾಡಕೂಡದೆಂಬ ಮಾತು ಪಡೆದು ಬಿಟ್ಟರು. ಅಡುಗೆಯವಳಿಗೆ ಅಡುಗೆ ಬೇಡವೆಂದ ಮೇಲೆ ಉಳಿದುದು ಬಟ್ಟೆ ಒಗೆಯುವ ಕೆಲಸ. ಅದರಲ್ಲಿ ಸಂಬಳ ಕಡಿಮೆ. ಅವಳು ಹೆಸರು ಬದಲಿಸಿಕೊಂಡು ಮತ್ತೆ ಒಲೆಯ ಮುಂದೆ ನಿಂತಳು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೈದು ಮಂದಿ ಜ್ವರದಲ್ಲಿ ಮಲಗಿ, ಇಬ್ಬರು ಸತ್ತರು. ಅವಳನ್ನು ಮತ್ತೆ ದ್ವೀಪಕ್ಕೊಯ್ದರು. 1938ರಲ್ಲಿ ಅಲ್ಲಿಯೇ ತೀರಿಕೊಂಡಳು.

ಲೋಕವು ಇಂದಿಗೂ ಅವಳನ್ನು ‘ಟೈಫಾಯಿಡ್ ಮೇರಿ’ ಎಂದು ನಿಂದಿಸುತ್ತದೆ. ಅವಳ ತಪ್ಪನ್ನು ನಾನು ತಪ್ಪಲ್ಲವೆನ್ನುವುದಿಲ್ಲ; ಕೊಟ್ಟ ಮಾತಿಗೆ ತಪ್ಪಿದುದರಿಂದ ಜೀವಗಳು ಹೋದುವು. ಆದರೆ ಹೋಟೆಲು ನಡೆಸಿದವನಾಗಿ ನನಗೆ ಕಾಣುವುದು ಇನ್ನೊಂದು. ಪಟ್ಟಿಯು ಅವಳನ್ನು ಹಿಡಿಯಿತು, ಅವಳ ಅನ್ನವನ್ನು ಕಿತ್ತುಕೊಂಡಿತು, ಸರಿಸಮಾನವಾದ ಬೇರೆ ಅನ್ನವನ್ನು ಮುಂದಿಡಲಿಲ್ಲ. ಅನ್ನ ಕಸಿಯುವ ಪಟ್ಟಿಯಿಂದ ಮನುಷ್ಯನು ತಪ್ಪಿಸಿಕೊಳ್ಳುತ್ತಾನೆ.

ಇದಕ್ಕೆ ಪ್ರತಿಯಾದ ನಿದರ್ಶನವೂ ನಮ್ಮ ಕಣ್ಣ ಮುಂದೆಯೇ ನಡೆದಿದೆ. 2020ರ ಏಪ್ರಿಲ್ 1ರಂದು ಧಾರಾವಿಯಲ್ಲಿ ಕೋವಿಡ್‌ನ ಮೊದಲನೆಯ ರೋಗಿ ಪತ್ತೆಯಾದಾಗ, ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಇನ್ನು ಹೆಣಗಳೇ ಗತಿಯೆಂದು ಎಲ್ಲರೂ ಅಂದುಕೊಂಡರು. ಮಹಾನಗರಪಾಲಿಕೆಯವರು ಕಾದು ಕುಳಿತುಕೊಳ್ಳಲಿಲ್ಲ. ಅಲ್ಲಿಯ ಖಾಸಗಿ ಡಾಕ್ಟರರನ್ನೇ ಜೊತೆಗೆ ಸೇರಿಸಿಕೊಂಡು ಮನೆಮನೆಗೆ ಹೋಗಿ ಜ್ವರವಿದ್ದವರನ್ನು ಹುಡುಕಿದರು. ಶಾಲೆ, ಮಂಟಪಗಳಲ್ಲಿ ಅವರನ್ನು ಬೇರೆಯಿರಿಸಿ ಊಟವನ್ನೂ ಚಿಕಿತ್ಸೆಯನ್ನೂ ಕೊಟ್ಟರು. ಅದೇ ವರ್ಷ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರೇ ಧಾರಾವಿಯ ಹೆಸರೆತ್ತಿ ಪ್ರಶಂಸಿಸಿದರು. ಜನ ಅಂದು ಬಾಗಿಲು ತೆರೆದುದಕ್ಕೆ ಕಾರಣ, ಬಾಗಿಲಿಗೆ ಬಂದವರು ಪರಿಚಿತ ಡಾಕ್ಟರರಾಗಿದ್ದುದು, ಹೆಸರು ಕೊಟ್ಟವನು ಹಸಿವಿನಿಂದ ಸಾಯದಂತೆ ನೋಡಿಕೊಂಡುದು. ಅಲ್ಲಿ ಪಟ್ಟಿಯ ಜೊತೆಗೆ ತಟ್ಟೆಯೂ ಇತ್ತು.

ಹಾಗಾದರೆ ಕ್ಷಯದ ಪಟ್ಟಿಯ ಜೊತೆಗೆ ಇಂದು ತಟ್ಟೆಯಿದೆಯೇ? ಸ್ವಲ್ಪ ಇದೆ. ಪರೀಕ್ಷೆಯೂ ಔಷಧವೂ ಸರಕಾರಿ ಕೇಂದ್ರಗಳಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರ ಏಪ್ರಿಲಿನಿಂದ ತಿಂಗಳಿಗೆ 500 ರೂಪಾಯಿ ರೋಗಿಯ ಬ್ಯಾಂಕ್ ಖಾತೆಗೆ ಬರುತ್ತಿತ್ತು. 2024ರ ನವೆಂಬರಿನಿಂದ ಅದು 1,000 ಆಗಿದೆ. ಇ.ಎಸ್‌.ಐ. ಚಂದಾ ಸಂದಾಯವಾಗುತ್ತಿರುವ ನೌಕರನಿಗೆ ಇನ್ನೂ ಹೆಚ್ಚಿನದುಂಟು: ಕ್ಷಯವು ಅಲ್ಲಿಯ ದೀರ್ಘಕಾಲದ ರೋಗಗಳ ಪಟ್ಟಿಯಲ್ಲಿರುವುದರಿಂದ, ಎರಡು ವರ್ಷ ಸೇವೆಯಲ್ಲಿದ್ದು ನಿಯಮದಂತೆ ಚಂದಾ ತುಂಬಿದವನಿಗೆ ರಜೆಯ ಕಾಲಕ್ಕೆ ವೇತನದ ಪ್ರತಿಶತ 80ರಷ್ಟು ಸಿಗುವ ಅವಕಾಶವಿದೆ. ನಮ್ಮ ಎಷ್ಟು ಹೋಟೆಲುಗಳಲ್ಲಿ ಮಾಣಿಗಳ ಹೆಸರು ಇ.ಎಸ್‌.ಐ. ಪುಸ್ತಕದಲ್ಲಿದೆ ಎಂಬುದನ್ನು ಧನಿಗಳು ತಮ್ಮ ಎದೆ ಮುಟ್ಟಿ ಹೇಳಬೇಕು. ರೋಗಿಗಳ ಪಟ್ಟಿಯಲ್ಲಿ ಹೆಸರು ಬರೆಸೆಂದು ಹೇಳುವ ಮೊದಲು ಕೆಲಸಗಾರರ ಪಟ್ಟಿಯಲ್ಲಿ ಅವನ ಹೆಸರಿರಬೇಕು.

ಸರಕಾರಕ್ಕೂ ಎರಡು ಮಾತು ಹೇಳಬೇಕು. ತುಂಬಿದ ಹೋಟೆಲಿನಲ್ಲಿ, ಚಾಳಿನ ಓಣಿಯಲ್ಲಿ ರೋಗಿಯ ಹೆಸರನ್ನು ಕೂಗಿ ಕೇಳುವ ಕಾರ್ಯಕರ್ತನು ಒಂದೇ ಕೂಗಿನಿಂದ ಹತ್ತು ಹೆಸರುಗಳನ್ನು ಅಡಗಿಸುತ್ತಾನೆ. ಬರುವುದಾದರೆ ಮಧ್ಯಾಹ್ನ ಮೂರರ ಬಿಡುವಿನಲ್ಲಿ ಬನ್ನಿರಿ, ಬದಿಗೆ ಕರೆದು ಮಾತಾಡಿರಿ. ಇನ್ನೊಂದು: 2024ರ ಬೇಸಿಗೆಯಲ್ಲಿ ಹಲವು ಕಡೆಗಳಲ್ಲಿ ಔಷಧದ ಕೊರತೆಯುಂಟಾಗಿ ರೋಗಿಗಳು ಕೇಂದ್ರದಿಂದ ಕೇಂದ್ರಕ್ಕೆ ಅಲೆಯಬೇಕಾಯಿತು. ಗುಳಿಗೆ ತಪ್ಪಿಸಬೇಡವೆಂದು ರೋಗಿಗೆ ಬೋಧಿಸುವವರು ತಾವೇ ತಪ್ಪಿಸಿದರೆ ಆ ಲೆಕ್ಕವನ್ನು ಯಾರ ವಹಿಯಲ್ಲಿ ಬರೆಯಬೇಕು?

ಧನಿಗಳಾದ ನನ್ನ ಹಳೆಯ ವೃತ್ತಿಬಾಂಧವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಗಿರಾಕಿಗಳು ಬಿಟ್ಟುಹೋಗುವರೆಂಬ ನಿಮ್ಮ ಭಯ ನನಗೆ ಹೊಸದಲ್ಲ. ಆದರೆ ವಿಚಾರಿಸಿ ನೋಡಿರಿ. ಸಾಧಾರಣ ಕ್ಷಯಕ್ಕೆ ತಕ್ಕ ಔಷಧವನ್ನು ಕ್ರಮವಾಗಿ ಸೇವಿಸತೊಡಗಿದ ಕೆಲವು ವಾರಗಳಲ್ಲಿಯೇ ಹರಡುವ ಶಕ್ತಿ ಬಹುಮಟ್ಟಿಗೆ ಇಳಿದುಹೋಗುತ್ತದೆ. ಎಂದರೆ, ಪಟ್ಟಿಯಲ್ಲಿದ್ದು ಔಷಧ ನುಂಗುತ್ತಿರುವವನಿಂದ ನಿಮಗೆ ಅಪಾಯವಿಲ್ಲ. ನಿಮ್ಮ ಭಯಕ್ಕೆ ಅಂಜಿ ಕೆಮ್ಮನ್ನು ನುಂಗಿಕೊಂಡು ದುಡಿಯುತ್ತಿರುವವನಿಂದ ಅಪಾಯ. ಡಾಕ್ಟರರು ಹೇಳುವವರೆಗೆ ಅವನಿಗೆ ವಿಶ್ರಾಂತಿ ಕೊಡಿರಿ, ಅವನ ಜಾಗವನ್ನು ಕಾಯ್ದಿರಿಸಿರಿ, ಹಾಗೆಂದು ಎಲ್ಲ ಕೆಲಸಗಾರರ ಮುಂದೆ ಮೊದಲೇ ಹೇಳಿಬಿಡಿರಿ. ಅಟ್ಟಕ್ಕೊಂದು ಕಿಟಕಿ ಕೊಯ್ಯಿಸಿರಿ. ಹೊಸ ಫಲಕಕ್ಕೆ ಸುರಿಯುವ ಹಣದ ಕಾಲುಭಾಗ ಅದಕ್ಕೆ ಸಾಕು.

ಕೆಲಸಗಾರ ಬಂಧುಗಳೇ, ಗುಮಾಸ್ತ ಮಿತ್ರರೇ, ನಿಮಗೆ ಹೇಳತಕ್ಕುದು ಇಷ್ಟು. ಕೆಮ್ಮು ಎರಡು ವಾರ ದಾಟಿದರೆ, ಸಂಜೆಯ ಜ್ವರ, ರಾತ್ರಿಯ ಬೆವರು, ಮೈ ಇಳಿಯುವುದು ಕಂಡರೆ, ಸೀಸೆಯ ಔಷಧಕ್ಕೆ ಹಣ ಸುರಿಯದೆ ಕಫಪರೀಕ್ಷೆಗೆ ಹೋಗಿರಿ. ಸಾಧಾರಣ ಕ್ಷಯಕ್ಕೆ ಆರು ತಿಂಗಳ ಔಷಧ. ಎರಡನೆಯ ತಿಂಗಳಿಗೇ ಮೈ ಹಗುರವಾಗಿ ಗುಣವಾದಂತೆ ಕಾಣುತ್ತದೆ, ಮೋಸಹೋಗಬೇಡಿರಿ. ಖೋಲಿಯಲ್ಲಿ ಜೊತೆಗಿರುವವರ ಹೆಸರು ಕೇಳಿದರೆ ಹೇಳಿರಿ. ಅದು ಚಾಡಿಯಲ್ಲ, ಅವರಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ. ಊರಿಗೆ ಹೋಗಬೇಕೆಂದಿದ್ದರೆ ಅಗತ್ಯವಾಗಿ ಹೋಗಿರಿ. ತಾಯಿಯ ಕೈಯ ಗಂಜಿಗಿಂತ ಮಿಗಿಲಾದುದಿಲ್ಲ. ಆದರೆ ಹೊರಡುವ ಮೊದಲು ಕೇಂದ್ರಕ್ಕೆ ಹೋಗಿ, ನಿಕ್ಷಯದ ಸಂಖ್ಯೆಯನ್ನು ಬರೆಸಿಕೊಂಡು, ಚಿಕಿತ್ಸೆಯನ್ನು ಊರಿನ ಕೇಂದ್ರಕ್ಕೆ ವರ್ಗಾಯಿಸಲು ಹೇಳಿರಿ. ಮುಂಬಯಿಯಲ್ಲಿ ಬರೆದ ಹೆಸರು ಉಡುಪಿಯಲ್ಲಿಯೂ, ಹಾಸನದಲ್ಲಿಯೂ, ವಿಜಯಪುರದಲ್ಲಿಯೂ ಸಿಗುವಂತೆ ಈ ವ್ಯವಸ್ಥೆಯನ್ನು ಮಾಡಿದ್ದಾರೆ. ದಾರಿಯಲ್ಲಿ ತಪ್ಪದಂತೆ ಹದಿನೈದು ದಿನದ ಗುಳಿಗೆಯನ್ನಾದರೂ ಕೇಳಿ ಕಟ್ಟಿಕೊಳ್ಳಿರಿ. ನಮ್ಮ ಸಂಘಗಳವರೂ ರಾತ್ರಿಶಾಲೆಗಳ ಮಾಸ್ತರರೂ ಇಷ್ಟನ್ನು ತಿಂಗಳಿಗೊಮ್ಮೆ ಓದಿ ಹೇಳಿದರೆ, ಸಭೆಯ ಹಾರ ತುರಾಯಿಗಳಿಗಿಂತ ಹೆಚ್ಚಿನ ಸೇವೆಯಾದೀತು.

ಕಳೆದ ವಾರ ಬಾಗಿಲಲ್ಲಿ ನಿಂತಿದ್ದ ತರುಣನೇ, ನಿನ್ನ ಪ್ರಶ್ನೆಗೆ ಈಗ ನೇರವಾಗಿ ಉತ್ತರ ಕೊಡುತ್ತೇನೆ. ಹೆಸರು ಬರೆಸು. ಧನಿಗಳಿಗೆ ತಿಳಿಯುವುದೇ ಎಂದು ಕೇಳಿದೆ. ರೋಗಿಯ ವಿಷಯವನ್ನು ಗುಟ್ಟಾಗಿಡುವುದು ಇಲಾಖೆಯ ಧರ್ಮ, ಆದರೆ ಜೊತೆಯವರ ಪರೀಕ್ಷೆಗೆ ಬಂದಾಗ ತಿಳಿಯಲೂಬಹುದು. ಇಲ್ಲವೆಂದು ಸುಳ್ಳು ಭರವಸೆ ಕೊಡಲಾರೆ. ತಿಳಿದು ಅವರು ನಿನ್ನನ್ನು ಬಿಡಿಸಿದರೆ ನನ್ನ ಬಳಿಗೆ ಬಾ. ನಾನು ನಿನ್ನೊಡನೆ ಅವರ ಗಲ್ಲೆಯವರೆಗೆ ಬರುತ್ತೇನೆ. ಅಲ್ಲಿ ನಿಂತು ಏನು ಹೇಳಬೇಕೆಂಬುದು ನನಗೆ ಗೊತ್ತು. ಹಿಂದೊಮ್ಮೆ ಗಲ್ಲೆಯ ಇನ್ನೊಂದು ಮಗ್ಗುಲಲ್ಲಿ ಕುಳಿತು ನಾನು ಹೇಳದೆ ಉಳಿದ ಮಾತೇ ಅದು: ಅವನು ನಮ್ಮವನು, ನಮ್ಮಲ್ಲಿಯೇ ಇದ್ದಾನೆ, ಅವನ ಹೆಸರು ಬರೆದುಕೊಳ್ಳಿರಿ.